ನಕಲಿನ ನಕಲು

ಸಿನಿಮಾ ಮಂದಿರದ ಬಾಗಿಲಲ್ಲಿ ಟಿಕೆಟ್ ಹರಿಯುವುದು, ಕತ್ತಲಲ್ಲಿ ಟಾರ್ಚ್ ಬಿಟ್ಟು ಜನರಿಗೆ ಸೀಟು ತೋರಿಸುವುದು ನನ್ನ ಉದ್ಯೋಗ. ಬಾಳಿನಲ್ಲಿ ನಾನೆಲ್ಲಿ ಕೂರಬೇಕೆಂದು ಮಾತ್ರ ಯಾರೂ ಟಾರ್ಚ್ ಬಿಟ್ಟು ತೋರಿಸಿಲ್ಲ. ಸದ್ಯಕ್ಕೆ ಬೀಗದ ಮಾವನ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗೆ ಕೂತಿದ್ದೇನೆ.

ಮಾವ ಅಂದರೆ ಸೋದರಮಾವನಲ್ಲ. ಹೆಣ್ಣು ಕೊಟ್ಟ ಮಾವನೂ ಅಲ್ಲ. ನನಗೆ ಹೆಣ್ಣು ಕೊಡುವಷ್ಟು ಎದೆಗಾರಿಕೆ ಇರುವವರು ಇನ್ನೂ ಸಿಕ್ಕಿಲ್ಲ. ಬೀದಿಯೆಲ್ಲ ಹಾಗೆ ಕರೆಯುತ್ತದೆ, ನಾನೂ ಕರೆಯುತ್ತೇನೆ. ಬಸ್ ನಿಲ್ದಾಣದ ಪಕ್ಕ ಕಪಾಟಿನಷ್ಟು ಅಗಲದ ಕೀ ಅಂಗಡಿ ಅವನದು. ಒಂದು ಕೊರೆಯುವ ಯಂತ್ರ, ಮೊಳೆಗಳಲ್ಲಿ ನೇತುಹಾಕಿದ ಹಲ್ಲಿಲ್ಲದ ಕೀಗಳು, ಮೇಲೊಂದು ಬೋರ್ಡು: ‘ಒರಿಜಿನಲ್ ತಂದರೆ ಮಾತ್ರ.’ ಯಾರಾದರೂ ನಕಲಿ ಕೀ ತಂದು ಇನ್ನೊಂದು ಮಾಡಿಕೊಡಿ ಎಂದರೆ ಮಾವ ಕೈಯಲ್ಲೂ ಮುಟ್ಟುವುದಿಲ್ಲ.

“ಒಂದು ಸಲ ಕೊರೆದಾಗ ಕೂದಲೆಳೆಯಷ್ಟು ತಪ್ಪತ್ತೆ. ಅದನ್ನ ನೋಡಿ ಇನ್ನೊಂದು ಕೊರೆದರೆ ತಪ್ಪು ಡಬಲ್. ತೂತಿಗೇನೋ ಹೋಗತ್ತೆ, ತಿರುಗಲ್ಲ.”

ಮಾವನ ಮಗಳು ಶಾಲೆಯ ಗೇಟಿನೆದುರು ರಸ್ತೆ ದಾಟುವಾಗ ಕಾರೊಂದು ಹೊಡೆದು ನಿಲ್ಲಿಸದೆ ಹೋಯಿತು, ಮಗು ಉಳಿಯಲಿಲ್ಲ. ನಾನು ಆ ಮನೆಗೆ ಬರುವ ಮೊದಲಿನ ಮಾತು. ಆ ಮಗುವನ್ನು ನಾನು ಕಂಡೇ ಇಲ್ಲ. ಕಾರು ಯಾರದೆಂದು ಸಾಬೀತಾಯಿತು, ಓಡಿಸುತ್ತಿದ್ದವನು ಯಾರೆಂದು ಆಗಲಿಲ್ಲ. ಸಾಕ್ಷಿಗಳಿಗೆಲ್ಲ ಕೋರ್ಟಿನ ಮೆಟ್ಟಿಲು ಹತ್ತುವಾಗ ಮರೆವು ಬಂತು. ಕಾರಿನ ಮಾಲೀಕ ಬಿಡುಗಡೆಯಾದ. ಅತ್ತೆ ಅಂದಿನಿಂದ ತಂಗಿಯ ಮನೆಯಲ್ಲೇ ಉಳಿದರು.

ನಾನು ಬಾಡಿಗೆಗೆ ಬಂದ ಮೇಲೆ ನಮ್ಮ ಮಂದಿರದಲ್ಲಿ ಒಂದು ಸಿನಿಮಾದ ಮೊದಲ ಭಾಗ ಬಂತು. ಬಸ್ ಮೆಕ್ಯಾನಿಕ್ ಒಬ್ಬ, ಮಗಳನ್ನು ಕೊಂದವರನ್ನು ಸ್ಪಾನರ್ ಹಿಡಿದು ಹುಡುಕಿಕೊಂಡು ಹೋಗುವ ಕಥೆ. ಮಾವ ಅದನ್ನು ಎಷ್ಟು ಸಲ ನೋಡಿದನೋ, ಕೊನೆಕೊನೆಗೆ ನಾನು ಟಿಕೆಟ್ ಕೇಳುವುದನ್ನೇ ಬಿಟ್ಟೆ. ಮೊದಲ ಕೊಲೆಯಾದ ಮೇಲೆ ಮೆಕ್ಯಾನಿಕ್‌ನ ಕೈ ನಡುಗಿ ಅಂಗಿಯ ಗುಂಡಿ ಹಾಕಲಾಗುವುದಿಲ್ಲ. ಕೊನೆಗೆ ಗೋಡೆಯ ಮೇಲಿನ ಮಗಳ ಫೋಟೋದ ಮುಂದೆ ಸುಮ್ಮನೆ ಕೂರುತ್ತಾನೆ. ಅಲ್ಲಿಗೆ ಮುಗಿಯಿತು.

“ಆಮೇಲೆ ಅವನಿಗೆ ನಿದ್ದೆ ಬಂತೇನೋ?” ಎಂದು ಮಾವ ಕೇಳುತ್ತಿದ್ದ.

“ಎರಡನೇ ಭಾಗ ಬರತ್ತಂತೆ ಮಾವ. ಅದರಲ್ಲಿ ತೋರಿಸ್ತಾರೆ.” ಬಾಯಿಗೆ ಬಂದದ್ದನ್ನು ಹೇಳುವುದರಲ್ಲಿ ನಾನು ಎತ್ತಿದ ಕೈ.

ಮಾವ ಅದನ್ನೇ ನಂಬಿ ಕಾದ. ಏಕೆ ಕಾಯುತ್ತಿದ್ದನೆಂದು ನನಗೆ ತಿಳಿದದ್ದು ಆಮೇಲೆ. ಆ ಕಾರಿನವನು ಒಮ್ಮೆ ತನ್ನ ಮನೆಯ ಕೀ ನಕಲು ಮಾಡಿಸಲು ಇದೇ ಅಂಗಡಿಗೆ ಬಂದಿದ್ದನಂತೆ. ಕೋರ್ಟಿನಲ್ಲಿ ಒಂದು ದಿನವೂ ಇತ್ತ ತಿರುಗಿ ನೋಡದಿದ್ದವನಿಗೆ ಮಾವನ ಗುರುತು ಎಲ್ಲಿಂದ ಸಿಗಬೇಕು? ಅವನಿಗೊಂದು ಕೀ ಕೊರೆದು, ಮಾವ ಗುಟ್ಟಾಗಿ ತನಗೂ ಒಂದು ಕೊರೆದುಕೊಂಡಿದ್ದ. ಅದು ಜೇಬಿನಲ್ಲೇ ಇತ್ತು. ಕೊಂದ ಮೇಲೆ ನಿದ್ದೆ ಬರುತ್ತದೋ ಇಲ್ಲವೋ ಎಂದು ತಿಳಿಯುವುದಷ್ಟೇ ಬಾಕಿ.

ಎರಡನೇ ಭಾಗ ಬಂತು. ಮಧ್ಯಾಹ್ನದ ಆಟ. ಮಾವನನ್ನು ಮೂಲೆಯ ಸೀಟಿನಲ್ಲಿ ಕೂರಿಸಿದೆ.

ಏನು ಹೇಳಲಿ. ಸ್ಪಾನರ್ ಹೋಗಿ ಮೆಷಿನ್‌ಗನ್ ಬಂದಿತ್ತು. ಮೊದಲ ಭಾಗದಲ್ಲಿ ಸತ್ತವರಿಗೆ ಮುಖವಿತ್ತು, ಒಬ್ಬನಂತೂ ಸಾಯುವಾಗ ಅಮ್ಮನನ್ನು ಕರೆದಿದ್ದ. ಇಲ್ಲಿ ಜನ ಹುಳಗಳ ಹಾಗೆ ಉದುರಿದರು. ಮೆಕ್ಯಾನಿಕ್‌ನಿಗೆ ಈ ಸಲ ತಮ್ಮನೊಬ್ಬ ಹುಟ್ಟಿಕೊಂಡಿದ್ದ, ಸಾಯುವುದಕ್ಕೆಂದೇ. ಒಂದು ತಲೆ ಹಾರಿದಾಗ ಹಿಂದಿನ ಸಾಲಿನವರು ಶಿಳ್ಳೆ ಹೊಡೆದರು. ಹೇಳಬಾರದು, ನಾನೂ ಹೊಡೆದೆ. ಆಮೇಲೆ ಮಾವನ ಕಡೆ ನೋಡಿ ಟಾರ್ಚ್ ಆರಿಸಿಕೊಂಡೆ.

ಮಾವ ಹೊರಬಂದವನೇ ಮೆಟ್ಟಿಲ ಮೇಲೆ ಕೂತ.

“ಫೋಟೋ ನೋಡಿದ್ಯಾ?”

“ಯಾವ ಫೋಟೋ ಮಾವ?”

“ಗೋಡೆ ಮೇಲಿಂದು. ಅದು ಮೊದಲ ಭಾಗದ ಮಗು ಅಲ್ಲ ಕಣೋ. ಬೇರೆ ಯಾವುದೋ ಹುಡುಗಿ.”

“ಆ ಹುಡುಗಿ ಶೂಟಿಂಗಿಗೆ ಸಿಗಲಿಲ್ವೇನೋ. ಇನ್ಯಾರದ್ದೋ ಹಾಕಿರ್ತಾರೆ. ಯಾರು ನೋಡ್ತಾರೆ ಬಿಡಿ.”

“ಅಪ್ಪ ನೋಡಲ್ವೇನೋ? ಅದರ ಮುಂದೆ ನಿಂತ್ಕೊಂಡು ಆಣೆ ಮಾಡಿದ. ಅವನಿಗೇ ಗೊತ್ತಾಗ್ಲಿಲ್ಲ. ಕೈ ಕೂಡ ನಡುಗಲಿಲ್ಲ.” ಮಾವ ಜೇಬಿನಿಂದ ಕೀ ತೆಗೆದು, ಅದರ ಕಥೆಯನ್ನು ಅಲ್ಲೇ ಹೇಳಿದ. “ಇನ್ನು ಕಾದರೆ ನಂಗೂ ಹಂಗೇ ಆಗತ್ತೆ. ಮಗಳ ಮುಖ ನೆನಪಿರುವಾಗಲೇ ಹೋಗ್ಬೇಕು. ಇವತ್ತೇ.”

ನಾನು “ಬೇಡ ಮಾವ” ಎಂದೆ. “ಬಿಸಿಲಿದೆ ಮಾವ” ಎಂದೆ. ಕೊಲೆಗೆ ಹೊರಟವನನ್ನು ಬಿಸಿಲಿನ ನೆಪದಲ್ಲಿ ತಡೆಯಲು ನೋಡಿದ ಮಹಾಶಯ ನಾನೊಬ್ಬನೇ ಇರಬೇಕು. ಅವನು ಅಂಗಡಿಗೆ ಹೋಗಿ ಚೀಲಕ್ಕೆ ಸುತ್ತಿಗೆ ಹಾಕಿಕೊಂಡ. ನಾನು ಹಿಂದೆಯೇ ನಡೆದೆ, ತಡೆಯಲೋ, ನೋಡಲೋ ಗೊತ್ತಿಲ್ಲದೆ.

ಮೂರನೇ ಮಹಡಿಯಲ್ಲಿ ಆ ಕಾರಿನವನ ಮನೆಯ ಕಂದು ಬಾಗಿಲು. ಮಾವ ಕೀ ಹಾಕಿದ. ಒಳಗೆ ಹೋಯಿತು. ತಿರುಗಲಿಲ್ಲ. ಎತ್ತಿ ತಿರುಗಿಸಿದ, ಒತ್ತಿ ತಿರುಗಿಸಿದ.

“ನಕಲು ನೋಡಿ ಕೊರೆದಿದ್ದೆ,” ಎಂದು ಪಿಸುಗುಟ್ಟಿದ. “ಒರಿಜಿನಲ್ ಅವನು ತಕ್ಷಣ ಕೈಗೆ ತಗೊಂಡುಬಿಟ್ಟ. ನನ್ನ ಕೈ ನಡುಗ್ತಿತ್ತು.”

ಸದ್ದಿಗೆ ಬಾಗಿಲು ಒಳಗಿನಿಂದ ತೆರೆಯಿತು. ಮಾವ ಕೀಯನ್ನು ಅಂಗೈಯಲ್ಲಿ ಮುಚ್ಚಿದ. ಚಡ್ಡಿ ತೊಟ್ಟ ಮನುಷ್ಯ, ಕಿವಿಗೆ ಫೋನು. ಮಾವನ ಮುಖ ನೋಡಿದ, ಚೀಲ ನೋಡಿದ.

“ಓ, ಕೀ ಅಂಗಡಿಯವರಲ್ವಾ? ವಾಚ್‌ಮನ್ ಕಳಿಸಿದ್ನಾ? ಹೇಳಿ ಹೇಳಿ ಸಾಕಾಗಿತ್ತು. ಬೀಗ ಭಾಳ ಬಿಗಿ ಆಗಿದೆ, ಸ್ವಲ್ಪ ನೋಡಿ.” ಅಷ್ಟು ಹೇಳಿ ಬೆನ್ನು ತಿರುಗಿಸಿ ಫೋನಿನಲ್ಲಿ ನಗತೊಡಗಿದ.

ಬೆನ್ನು ಅಲ್ಲೇ ಇತ್ತು. ಮಾವನ ಕೈ ಚೀಲದೊಳಗೆ ಹೋಯಿತು. ಕೈ ಹೊರಗೆ ಬಂದಾಗ ಅದರಲ್ಲಿ ಎಣ್ಣೆಯ ಡಬ್ಬಿಯಿತ್ತು.

ಮಂಡಿಯೂರಿ ಬೀಗ ಬಿಚ್ಚಿದ, ಒರೆಸಿದ, ಎಣ್ಣೆ ಬಿಟ್ಟ, ಮತ್ತೆ ಕೂರಿಸಿದ. ಕೈ ಒಂದಿಷ್ಟೂ ನಡುಗಲಿಲ್ಲ. ಆ ಮನುಷ್ಯ ತಿರುಗಿಸಿ ನೋಡಿ, “ಬೆಣ್ಣೆ ಹಂಗಾಯ್ತು ನೋಡಿ!” ಎಂದ. “ಬಂದಿದ್ದೀರಲ್ಲ, ಇನ್ನೊಂದು ಕೀ ಬೇಕಿತ್ತು. ಒರಿಜಿನಲ್ ಇಟ್ಕೊಳ್ಳಿ, ನಾಳೆ ಕೊಡಿ.”

ಅಂಗಡಿಯಲ್ಲಿ ಮಾವ ದೀಪ ಹಾಕಿ ಒರಿಜಿನಲ್ಲನ್ನು ಯಂತ್ರಕ್ಕೆ ಸಿಕ್ಕಿಸಿದ. ಒಂದು ಕೊರೆದ. ಮೊಳೆಯ ಮೇಲೆ ಹಲ್ಲಿಲ್ಲದ ಕೀಗಳು ಇನ್ನೂ ಬೇಕಾದಷ್ಟಿದ್ದವು. ನಾನು ಅವನ್ನೇ ನೋಡುತ್ತಿದ್ದೆ. ಮಾವ ಯಂತ್ರ ಆರಿಸಿದ. ಜೇಬಿನಲ್ಲಿದ್ದ ಹಳೆಯ ಕೀಯನ್ನು ಗುಜರಿ ಡಬ್ಬಿಗೆ ಹಾಕಿದ.

ಮನೆಗೆ ಬಂದವನು ಒಳಗಿನಿಂದ ಚೌಕಟ್ಟು ಹಾಕಿದ ಫೋಟೋ ತಂದು, ನನ್ನ ಕೈಗೆ ಕೊಟ್ಟು, ಬಲ್ಬಿನ ಕೆಳಗೆ ನಿಲ್ಲಿಸಿದ. ಎರಡು ಜಡೆಯ ಹುಡುಗಿ, ಮುಂದಿನ ಹಲ್ಲೊಂದು ಇಲ್ಲ.

“ಸರಿಯಾಗಿ ನೋಡಿ ಹೇಳೋ. ಇವಳೇ ತಾನೇ?”

ಆ ಹುಡುಗಿಯನ್ನು ಒಮ್ಮೆಯೂ ಕಾಣದ ನಾನು ಹತ್ತಿರ ಹಿಡಿದು ನೋಡಿದೆ, ದೂರ ಹಿಡಿದು ನೋಡಿದೆ.

“ಹೌದು ಮಾವ,” ಎಂದೆ. “ಇವಳೇ.”