ಪೇಂಟರನ ಹೊಟ್ಟೆಕಿಚ್ಚು

ಮನೆಗಳಿಗೆ ಬಣ್ಣ ಬಳಿಯುವ ಆ ಪೇಂಟರನಿಗೆ, ಮದುವೆಯಾದ ಒಂಬತ್ತು ವರ್ಷಗಳಲ್ಲಿ ಹೆಂಡತಿ ಬಾಯಿ ತುಂಬ ನಕ್ಕದ್ದು ನೆನಪಿಲ್ಲ. ಅವನೂ ನಗಿಸುವವರ ಪೈಕಿಯಲ್ಲ. ಏಣಿಯ ಮೇಲೆ ನಿಂತು ಜೊತೆಗಾರನೊಂದಿಗೆ ಊರ ಸುದ್ದಿಯನ್ನೆಲ್ಲ ಜಗಿದು, ಮನೆಗೆ ಬಂದರೆ ಸೀಮೆಎಣ್ಣೆಯಲ್ಲಿ ಕೈ ತಿಕ್ಕಿಕೊಂಡು, ತಟ್ಟೆಯ ಮುಂದೆ ಕೂತು ಎದ್ದುಬಿಡುವವನು. ಹೆಂಡತಿಯನ್ನು ಕರೆಯುವುದೂ ‘ಇವಳೇ’ ಎಂದೇ.

ಅಂಥವನು ಒಂದು ಸಂಜೆ ಬಾಗಿಲಿಗೆ ಬಂದಾಗ ಒಳಗೆ ಅವಳು ಕಿಲಕಿಲ ನಗುತ್ತಿದ್ದಳು. ನಡುವೆ “ಹೋಗ್ರೀ, ಸುಳ್ಳು ಹೇಳ್ತೀರ” ಎಂಬ ಮಾತು. ಬಾಗಿಲು ತಟ್ಟಿದ, ನಗು ನಿಂತಿತು. ಮಗಳು ಬೀದಿಯಲ್ಲಿ ಆಡುತ್ತಿದ್ದಳು; ಒಳಗೆ ಹೆಂಡತಿಯೊಬ್ಬಳೇ. ಹಿಂಬಾಗಿಲಿನ ಚಿಲಕ ಹಾಕಿದ್ದು ಹಾಕಿದಂತೆಯೇ ಇತ್ತು.

ಅಂದಿನಿಂದ ಅವನ ಹೊಟ್ಟೆಗೆ ಬೆಂಕಿ ಬಿತ್ತು. ಪಕ್ಕದ ಮನೆಯ ರೇಡಿಯೋ ರಿಪೇರಿಯವನು ಹೊಸ ಅಂಗಿ ತೊಟ್ಟರೆ ಅನುಮಾನ, ಹಾಲಿನವನು ಎರಡು ಮಾತು ಹೆಚ್ಚಾಡಿದರೆ ಅನುಮಾನ. ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ. ಒಂದು ಮಧ್ಯಾಹ್ನ ಅರ್ಧ ಗೋಡೆ ಹಾಗೇ ಬಿಟ್ಟು, ಬ್ರಷ್ಷನ್ನೂ ತೊಳೆಯದೆ ಮನೆಗೆ ಓಡಿದ. ಕಿಟಕಿಯಲ್ಲಿ ಇಣುಕಿದರೆ, ಅವಳು ಗೋಡೆಯ ಕಡೆ ಮುಖ ಮಾಡಿ ಕೂತು, ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಾಳೆ. ಕೋಣೆಯಲ್ಲಿ ನರಪಿಳ್ಳೆ ಇಲ್ಲ.

“ಯಾರ ಜೊತೆ ಮಾತಾಡ್ತಿದ್ದೆ?”

“ಹೋದ್ರು,” ಎಂದಳು, ಕೆನ್ನೆ ಕೆಂಪಾಗಿ. “ನೀವು ಬಂದ್ರೆ ಅವರು ನಿಲ್ಲಲ್ಲ.”

ತಿಂಗಳೊಳಗೆ, ಅವಳೊಬ್ಬಳಿಗೇ ಕೇಳುತ್ತಿದ್ದ ಆ ದನಿ ಬೈಯತೊಡಗಿತು. ಅನ್ನದಲ್ಲಿ ವಿಷ ಇದೆ ಎಂದಿತು. ಅವಳು ಊಟ ಬಿಟ್ಟಳು. ಆಸ್ಪತ್ರೆಯ ಡಾಕ್ಟರಮ್ಮ ಅದಕ್ಕೆ ಸ್ಕಿಜೋಫ್ರೇನಿಯಾ ಎಂದು ಹೆಸರು ಹೇಳಿದರು. ಜೊತೆಗೆ ಬಂದಿದ್ದ ಅತ್ತೆ ಅಳುತ್ತಾ, “ನನ್ನ ತಂಗಿಗೂ ಹೀಗೇ ಆಗಿತ್ತು ಅಳಿಯಂದ್ರೇ, ಮುಚ್ಚಿಟ್ಟಿದ್ವಿ,” ಎಂದರು.

“ಯಾರ ತಪ್ಪೂ ಅಲ್ಲಮ್ಮ,” ಎಂದರು ಡಾಕ್ಟರು. “ವಂಶವಾಹಿಗಳಲ್ಲಿ ನೂರಾರು ಸಣ್ಣ ಸಣ್ಣ ವ್ಯತ್ಯಾಸ ಇರುತ್ತೆ. ಒಂದೊಂದೂ ಸ್ವಲ್ಪ ಸ್ವಲ್ಪ ತಳ್ಳುತ್ತೆ, ಅಷ್ಟೇ. ಬದುಕಿನ ಕಷ್ಟಗಳೂ ಸೇರಿಕೊಳ್ಳುತ್ವೆ. ಮಿದುಳಲ್ಲಿ ಒಂದು ಜೀವಕೋಶ ಇನ್ನೊಂದಕ್ಕೆ ರಾಸಾಯನಿಕದ ಮೂಲಕ ಸುದ್ದಿ ಮುಟ್ಟಿಸುತ್ತೆ. ಡೋಪಮೈನ್ ಅನ್ನೋದು ಅಂಥದ್ದೊಂದು. ಕೆಲವು ಕಡೆ ಅದು ಅತಿಯಾದಾಗ ಇಲ್ಲದ ದನಿ ಇದ್ದಂಗೇ ಕೇಳ್ಬಹುದು. ಮಾತ್ರೆ ಆ ಸುದ್ದಿಯ ಜೋರನ್ನ ತಗ್ಗಿಸುತ್ತೆ.”

“ನಮ್ಮ ಮಗಳಿಗೂ ಬರುತ್ತಾ?” ಎಂದ ಪೇಂಟರ.

“ಬೇರೆ ಮಕ್ಕಳಿಗಿಂತ ಸ್ವಲ್ಪ ಹೆಚ್ಚು ಸಾಧ್ಯತೆ. ಆದ್ರೆ ಇಂಥ ಮಕ್ಕಳಲ್ಲಿ ಬಹುಪಾಲು ಜನಕ್ಕೆ ಬರೋದೇ ಇಲ್ಲ.”

ಅವನು ತಲೆಯಾಡಿಸಿದ. ಆಮೇಲೆ ತಡೆಯಲಾರದೆ, “ಅಂದ್ರೆ ಯಾವ ಗಂಡಸೂ ಇಲ್ಲ ತಾನೇ ಮೇಡಂ?” ಎಂದ.

“ಇಲ್ಲಪ್ಪ.”

“ಮತ್ತೆ ಅವನ ಜೊತೆ ಅಷ್ಟು ನಗ್ತಿದ್ಲಲ್ಲ?”

ಡಾಕ್ಟರು ದನಿಗಷ್ಟೇ ಮಾತ್ರೆ ಬರೆದುಕೊಟ್ಟರು.

ಮಾತ್ರೆ ಹಿಡಿಯಲು ಎರಡು ತಿಂಗಳು ಬೇಕಾಯಿತು. ದನಿ ಅಡಗಿತು, ಅವಳಿಗೆ ನಿದ್ದೆ ಹೆಚ್ಚಾಯಿತು, ಮೈ ದಪ್ಪವಾಯಿತು. ಇವನ ಕಿಚ್ಚು ಮಾತ್ರ ಆರಲಿಲ್ಲ. ಒಂದು ದಿನ ಬಾಯಿಬಿಟ್ಟು ಕೇಳಿಯೇಬಿಟ್ಟ: “ಅಂಥದ್ದೇನು ಹೇಳ್ತಿದ್ದ ಅವನು?”

ಅವಳು ಮಡಚುತ್ತಿದ್ದ ಬಟ್ಟೆ ಕೆಳಗಿಟ್ಟಳು. “ಕೊನೇಲಿ ಬರೀ ಬೈಗುಳ. ಮೊದಮೊದಲು, ‘ಸುಸ್ತಾಯ್ತಾ’ ಅಂತ ಕೇಳ್ತಿದ್ದ.”

ಪೇಂಟರನಿಗೆ ಕಪಾಳಕ್ಕೆ ಬಿದ್ದಂತಾಯಿತು. ಮರುದಿನ ಬಂದವನೇ ತಾನೂ ಅದನ್ನು ಕೇಳಿದ. ಪಾಠ ಒಪ್ಪಿಸುವ ಹುಡುಗನ ಹಾಗೆ. ಅವಳು ನಗಲಿಲ್ಲ. ನಾಲ್ಕು ವಾರ ಹಾಗೇ ಕೇಳಿದ ಮೇಲೆ ಒಂದು ದಿನ, “ಹೂಂ ರೀ, ಕಾಲು ಹಿಡ್ಕೊಂಡಿದೆ,” ಎಂದು ಉತ್ತರ ಬಂತು.

ಈಗಲೂ ಅವಳು ತನ್ನಷ್ಟಕ್ಕೆ ಮುಗುಳ್ನಕ್ಕರೆ ಅವನು, ನುಂಗುವುದನ್ನು ಬಿಟ್ಟಳೇನೋ ಎಂದು, ಮಾತ್ರೆಯ ಹಾಳೆ ಎಣಿಸುತ್ತಾನೆ. “ಜೀವಕೋಶದ ಮೇಲೆ ಹೊಟ್ಟೆಕಿಚ್ಚು ಪಟ್ಟ ಗಂಡ ನಾನೊಬ್ಬನೇ ಇರಬೇಕು ಕಣೋ,” ಎಂದು ಏಣಿಯ ಮೇಲಿಂದ ಜೊತೆಗಾರನಿಗೆ ಹೇಳುತ್ತಾನೆ. ಅವನು ನಕ್ಕರೆ, ಇವನು ನಗುವುದಿಲ್ಲ.