ಪಟ್ಟಿಯಲ್ಲಿಲ್ಲದ ಇಪ್ಪತ್ತಮೂರನೆಯವನು

ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ನಮ್ಮ ಸರಕು ಹಡಗಿಗೆ ಕ್ಷಿಪಣಿ ಬಡಿಯಿತು. ಕೆಂಪು ಸಮುದ್ರದಲ್ಲಿ ಯಾರದೋ ಯುದ್ಧ. ನಾವು ಸಾಗಿಸುತ್ತಿದ್ದುದು ಗೊಬ್ಬರ. ನಾನು ಥರ್ಡ್ ಆಫೀಸರ್. ಅಪಾಯದ ವೇಳೆ ಎಲ್ಲರನ್ನೂ ಲೈಫ್‌ಬೋಟ್ ಬಳಿ ಸೇರಿಸಿ, ಎಣಿಸಿ, ಕ್ಯಾಪ್ಟನ್‌ಗೆ ವರದಿ ಕೊಡುವುದು ನನ್ನ ಕೆಲಸ.

ಪಟ್ಟಿಯ ಪ್ರಕಾರ ನಾವು ಇಪ್ಪತ್ತೆರಡು ಜನ. ಹೊಗೆಯಲ್ಲಿ ಮುಖ ಕಾಣುತ್ತಿರಲಿಲ್ಲ. ಲೈಫ್‌ಜಾಕೆಟ್‌ಗಳ ಹೆಗಲು ಮುಟ್ಟುತ್ತ ಎಣಿಸಿದೆ. ನನ್ನನ್ನೂ ಸೇರಿಸಿ ಇಪ್ಪತ್ತೆರಡು. ಎಲ್ಲರೂ ಇದ್ದಾರೆ ಎಂದೆ. ಬೋಟ್ ಇಳಿಯಿತು.

ಇನ್ನೂರು ಮೀಟರ್ ದೂರ ಹೋದ ಮೇಲೆ ಪಕ್ಕದಲ್ಲಿ ವಾಂತಿ ಮಾಡುತ್ತಿದ್ದವನ ಮುಖ ನೋಡಿದೆ. ಜನರೇಟರ್ ರಿಪೇರಿಗೆಂದು ಹಿಂದಿನ ಬಂದರಿನಲ್ಲಿ ಹತ್ತಿದ್ದ ಮೆಕ್ಯಾನಿಕ್. ಮೂರು ದಿನದಲ್ಲಿ ಇಳಿಯುವವನಲ್ಲವೇ ಎಂದು ಅವನ ಹೆಸರನ್ನು ಪಟ್ಟಿಗೆ ಸೇರಿಸಿರಲೇ ಇಲ್ಲ. ಹಾಗಾದರೆ ನಮ್ಮವನೊಬ್ಬ ಹಡಗಿನಲ್ಲೇ ಉಳಿದಿದ್ದ. ಹೆಸರು ಹಿಡಿದು ಕೂಗಿದೆ. ಸಲೀಂ ಓಗೊಡಲಿಲ್ಲ.

ಸಲೀಂ ಎಂಜಿನ್ ರೂಮಿನ ಕೆಲಸಗಾರ, ಆರ್.ಟಿ. ನಗರದವನು. ನನ್ನದು ಬ್ಯಾಟರಾಯನಪುರ. ಕನ್ನಡ ಮಾತಾಡುವವರು ನಾವಿಬ್ಬರೇ. “ಹೆಬ್ಬಾಳ ಫ್ಲೈಓವರ್ ದಾಟೋದಕ್ಕಿಂತ ಸೂಯೆಜ್ ದಾಟೋದೇ ಸಲೀಸು ಗುರು” ಎಂದು ನಗಿಸುತ್ತಿದ್ದ.

ಹಡಗು ವಾಲುತ್ತಿತ್ತು. ವಾಪಸು ಹೋಗಲು ಕ್ಯಾಪ್ಟನ್ ಒಪ್ಪಲಿಲ್ಲ. ಇಪ್ಪತ್ತು ನಿಮಿಷ ಕಳೆದು ಹಡಗಿನ ಹಿಂಭಾಗದಿಂದ ಯಾರೋ ನೀರಿಗೆ ಹಾರಿದ್ದು ಕಂಡಿತು. ಆಗ ಬೋಟ್ ತಿರುಗಿಸಿ ಅವನನ್ನು ಮೇಲೆತ್ತಿಕೊಂಡೆವು. ಕಾದ ಇಂಧನದ ವಾಲ್ವ್ ಮುಚ್ಚಲು ಹೋಗಿ ಸಲೀಂನ ಅಂಗೈಗಳೆರಡೂ ಸುಟ್ಟಿದ್ದವು. ಸಂಜೆಗೆ ಹಡಗು ಮುಳುಗಿತು.

ವಿಚಾರಣೆಯಲ್ಲಿ ನನ್ನ ಎಣಿಕೆ ತಪ್ಪಿದ್ದನ್ನು ಮುಚ್ಚಿಟ್ಟು ‘ಸಲೀಂ ಬರಲು ತಡಮಾಡಿದ’ ಎಂದಷ್ಟೇ ಬರೆದುಕೊಟ್ಟೆ. ಕಂಪನಿ ತಪ್ಪನ್ನು ಅವನ ತಲೆಗೆ ಕಟ್ಟಿತು. ಏಳು ತಿಂಗಳು ಕಣ್ಣು ಮುಚ್ಚಿದರೆ ಸಾಕು, ಹೆಗಲು ಎಣಿಸುತ್ತಿದ್ದೆ. ಅವನ ಫೋನ್ ಎತ್ತುತ್ತಿರಲಿಲ್ಲ.

ಕೊನೆಗೊಂದು ಭಾನುವಾರ ಅವನ ಮನೆಗೆ ಹೋಗಿ ಎಲ್ಲ ಹೇಳಿದೆ.

“ಗೊತ್ತು ಕಣೋ,” ಎಂದ ಸಲೀಂ. “ನಾನು ಮೇಲೆ ಬಂದಾಗ ಬೋಟ್ ಹೋಗ್ತಿತ್ತು. ಎಣಿಸೋದು ಯಾರು ಅಂತ ನಂಗೊತ್ತಿಲ್ವಾ?”

“ಮತ್ತೆ ಯಾಕೆ ಹೇಳ್ಲಿಲ್ಲ?”

“ನೀನೇ ಹೇಳ್ತೀಯಾ ಅಂತ ಕಾದೆ. ಫೋನ್ ಎತ್ತದೆ ತಲೆ ತಪ್ಪಿಸ್ಕೊಂಡು ಓಡಾಡಿದ್ಯಲ್ಲೋ, ನಾಲಾಯಕ್!”

“ತಪ್ಪಾಯ್ತು.”

“ಅದು ನನಗ್ಯಾಕೆ? ಕಂಪ್ನಿಗೆ ಬರಿ. ಈ ಕೈಲಿ ನಂಗೆ ಬರಿಯಕ್ಕಾಗಲ್ಲ.”

ಅವನ ಮಂಚದ ಮೇಲೇ ಕೂತು ಬರೆದು ಕಳಿಸಿದೆ. ಮುಂದೆ ಅವನ ಮೇಲಿನ ಆರೋಪ ಹೋಯಿತು, ನನ್ನ ಲೈಸೆನ್ಸ್ ಅಮಾನತಾಯಿತು. ಈಗ ತರಬೇತಿ ಕೇಂದ್ರವೊಂದರಲ್ಲಿ ಪಾಠ ಮಾಡುತ್ತೇನೆ: ತಲೆ ಎಣಿಸಬೇಡಿ, ಹೆಸರು ಕರೆಯಿರಿ, ಉತ್ತರ ಬರುವವರೆಗೆ ಕಾಯಿರಿ. ಹಡಗು ಕಲಿಸಿದ್ದು ಇಷ್ಟೇ.

ಪತ್ರ ಕಳಿಸಿದ ಆ ಭಾನುವಾರ ಮಲಗಿದವನು ಎದ್ದದ್ದು ಸೋಮವಾರ ಬೆಳಿಗ್ಗೆ, ಬಿಸಿಲು ಮುಖಕ್ಕೆ ಬಿದ್ದಾಗ.