ದೊಡ್ಡಮ್ಮನ ದ್ವಾರಪಾಲಕ

ಮೊನ್ನೆ ಕಪಾಟಿನ ಹಿಂದೆ ಹಳೆಯ ಎಣ್ಣೆ ಕುಪ್ಪಿಯೊಂದು ಸಿಕ್ಕಿತು. ಮುಚ್ಚಳ ತೆಗೆದರೆ ಕನರಿದ ತೆಂಗಿನೆಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಎಣ್ಣೆ ಕುಡಿದು ಕುಡಿದು ಕಪ್ಪಾದ ಒಂದು ಕಲ್ಲಿನ ವಿಗ್ರಹವೂ ಅದರ ಮುಂದೆ ಕುಕ್ಕುರುಗಾಲಲ್ಲಿ ಕೂತ ಕೆಳಮನೆಯ ದೊಡ್ಡಮ್ಮನೂ ಕಣ್ಣ ಮುಂದೆ ಬಂದರು...

ಅರುವತ್ತರ ದಶಕದ ಆರಂಭ. ಟ್ರೈನಿಂಗ್ ಮುಗಿಸಿ ಆಲಂಕಾರಿನ ಹತ್ತಿರದ ಶಾಲೆಗೆ ಟೀಚರಾಗಿ ಹೊಸದಾಗಿ ಸೇರಿದ್ದೆ. ದೊಡ್ಡಮ್ಮ ನನಗೆ ಸಂಬಂಧಿಯಲ್ಲ, ನೆರೆಯವರು. ಊರೆಲ್ಲ ಹಾಗೆ ಕರೆಯುತ್ತಿತ್ತು. ಅವರ ಗದ್ದೆಯ ಅಂಚಿನಲ್ಲಿ ಎದೆಯೆತ್ತರದ ಆ ಮೂರ್ತಿ ನಿಂತಿತ್ತು, ಮೂಗು ಸವೆದು. ಅದಕ್ಕೆ ಕೆಂಪು ಸೀರೆಯ ತುಂಡು ಉಡಿಸಿ, ಎಣ್ಣೆ ಹಚ್ಚಿ, ಕೇಪಳ ಹೂವಿಟ್ಟು ಅವರು ‘ಅಮ್ಮ’ ಎನ್ನುತ್ತಿದ್ದರು. ಒಬ್ಬಳೇ ಮಗಳಿಗೆ ಎಳವೆಯಲ್ಲಿ ಜ್ವರ ಏರಿ, ಪುತ್ತೂರಿನ ಡಾಕ್ಟರರೂ ಕೈಚೆಲ್ಲಿದಾಗ, ಆ ಕಲ್ಲಿನ ಕಾಲು ಹಿಡಿದು ಕೂತಿದ್ದರಂತೆ. ಮಗಳು ಉಳಿದಳು.

ನನಗೋ ಹೊಸ ಓದಿನ ಹುಮ್ಮಸ್ಸು. ಶಿಲ್ಪಶಾಸ್ತ್ರ ಬಲ್ಲ ಪಂಡಿತರೊಬ್ಬರು ಊರಿಗೆ ಬಂದಾಗ, ಯಾರೂ ಹೇಳದೆಯೇ ಅವರನ್ನು ಅಲ್ಲಿಗೆ ಕರೆದೊಯ್ದೆ. ಅವರು ಸೀರೆಯ ತುಂಡು ಸರಿಸಿದರು. ಕೈಯ ಕೆಳಗೆ ಗದೆ ಇತ್ತು.

“ಇದು ದೇವಿ ಅಲ್ಲ. ದೇವರೇ ಅಲ್ಲ. ಬಾಗಿಲು ಕಾಯುವ ದ್ವಾರಪಾಲಕ” ಎಂದರು ಪಂಡಿತರು.

ದೊಡ್ಡಮ್ಮ ಆ ಗದೆಯ ಮೇಲೆ ಬೆರಳಾಡಿಸಿದರು. “ಹಾಗಾದ್ರೆ ನನ್ನ ಮಗಳನ್ನು ಉಳಿಸಿದ್ದು ಯಾರು ಮಾರಾಯ್ರೆ?”

ಪಂಡಿತರು ಕನ್ನಡಕ ಒರೆಸಿಕೊಂಡರು.

ಎರಡು ಮೈಲು ಆಚೆಯ ದೇವಸ್ಥಾನದಲ್ಲಿ ಬಾಗಿಲ ಒಂದು ಪಕ್ಕ ಖಾಲಿ ಇತ್ತು. ಮೂರ್ತಿ ಅಲ್ಲಿಯದೇ ಎಂದು ತೀರ್ಮಾನವಾಯಿತು. ಎಂಟು ಮಂದಿ ಬಿದಿರಿಗೆ ಕಟ್ಟಿ ಹೊತ್ತರು. ಏನೋ ಸಾಧಿಸಿದವಳಂತೆ ಮುಂದೆ ಮುಂದೆ ನಡೆದ ನನ್ನ ಆ ನಡಿಗೆ ನೆನಪಾದರೆ ಈಗಲೂ ಹಲ್ಲು ಕಚ್ಚುತ್ತೇನೆ.

ದೊಡ್ಡಮ್ಮ ಅಳಲಿಲ್ಲ. ಮುಂದಿನ ಶುಕ್ರವಾರ ಎರಡು ಮೈಲು ನಡೆದು ದೇವಸ್ಥಾನಕ್ಕೆ ಬಂದರು. ಗರ್ಭಗುಡಿಯ ಕಡೆ ತಿರುಗಿಯೂ ನೋಡದೆ ದ್ವಾರಪಾಲಕನ ಪಾದಕ್ಕೆ ಎಣ್ಣೆ ಹಚ್ಚತೊಡಗಿದರು.

ಅರ್ಚಕರು ರೇಗಿದರು: “ಎಂತ ಮಾಡುದು ದೊಡ್ಡಮ್ಮ? ದೇವರು ಒಳಗೆ ಉಂಟು.”

“ಒಳಗೆ ಇರ್ಲಿ. ನನ್ನ ಕಷ್ಟ ಕೇಳಿದವ ಇಲ್ಲಿದ್ದಾನೆ. ಅಮ್ಮ ಅಲ್ಲದಿದ್ರೆ ಅಣ್ಣ ಅಂತ ಕರೀತೇನೆ.”

ಪ್ರತಿ ಶುಕ್ರವಾರವೂ ಹೀಗೇ ನಡೆಯಿತು. ಎಣ್ಣೆ ಚೆಲ್ಲಿ ಜನ ಜಾರುತ್ತಾರೆ, ದೊಡ್ಡಮ್ಮ ದೇವರಿಗೆ ಬೆನ್ನು ಹಾಕುತ್ತಾರೆ ಎಂದು ದೂರುಗಳಾದವು. “ಟೀಚರೇ, ನೀವು ಹೇಳಿದರೆ ಕೇಳಿಯಾರು” ಎಂದರು ಆಡಳಿತದವರು. ಆಗಲಾದರೂ ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ದೊಡ್ಡಮ್ಮನ ಜಗಲಿಯಲ್ಲಿ ಕೂತು, ಪ್ರಾಣಪ್ರತಿಷ್ಠೆ ಆದ ಮೂರ್ತಿಯೇ ಬೇರೆ, ಅಲಂಕಾರಕ್ಕೆ ಕೆತ್ತಿದ ಮೂರ್ತಿಯೇ ಬೇರೆ ಎಂದು ಪಾಠ ಮಾಡಿದೆ, ಮೂರನೇ ಕ್ಲಾಸಿನ ಮಕ್ಕಳಿಗೆ ಹೇಳುವ ಹಾಗೆ.

ಎಲ್ಲ ಕೇಳಿ ಅವರು ಇಷ್ಟೇ ಹೇಳಿದರು: “ಆಯ್ತು ಟೀಚರೇ. ನಿಮಗೆ ತೊಂದರೆ ಬೇಡ.”

ದೇವಸ್ಥಾನಕ್ಕೆ ಹೋಗುವುದನ್ನು ನಿಲ್ಲಿಸಿದರು. ಗದ್ದೆಯ ಅಂಚಿಗೂ ಹೋಗಲಿಲ್ಲ. ನಾನು ಪುತ್ತೂರಿನಿಂದ ದೇವಿಯ ಸಣ್ಣ ಪಂಚಲೋಹದ ವಿಗ್ರಹ ತಂದುಕೊಟ್ಟೆ. “ಚಂದ ಉಂಟು” ಎಂದು ಕಪಾಟಿನಲ್ಲಿಟ್ಟರು. ಒಂದು ಹೂವನ್ನೂ ಇಡಲಿಲ್ಲ. ಎರಡು ವರ್ಷದಲ್ಲಿ ಮಗಳ ಮನೆಗೆಂದು ಅಜ್ಜಾವರಕ್ಕೆ ಹೊರಟರು. ಅಲ್ಲೇ ತೀರಿಕೊಂಡ ಸುದ್ದಿ ನನಗೆ ಮುಟ್ಟುವಾಗ ತಿಂಗಳು ಕಳೆದಿತ್ತು.

ಆ ದೇವಸ್ಥಾನಕ್ಕೆ ಈಗಲೂ ಹೋಗುತ್ತೇನೆ. ದ್ವಾರಪಾಲಕನ ಮೈ ಒಣಗಿ ಬೂದು ಬಣ್ಣಕ್ಕೆ ತಿರುಗಿದೆ. ಜನ ಅವನನ್ನು ದಾಟಿ ಒಳಗೆ ಹೋಗುತ್ತಾರೆ. ಪಂಡಿತರು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ; ನನಗೆ ಸಿಟ್ಟು ಬರುವುದೇ ಅದಕ್ಕೆ. ದೊಡ್ಡಮ್ಮ ನನ್ನನ್ನು ಒಮ್ಮೆಯಾದರೂ ಬೈದಿದ್ದರೆ ಎದುರು ಮಾತಾಡಿ ಹಗುರಾಗುತ್ತಿದ್ದೆನೋ ಏನೋ... ಅವರು ಬೈಯಲಿಲ್ಲ.